ಹಗ್ಗದ ಬಾಕಿ

ಖಲೀಫರನ್ನು ಮಣ್ಣು ಮಾಡಿದ ಮೂರನೆಯ ದಿನ
ಮದೀನದ ಖಜಾನೆಯ ಕಟ್ಟೆಗೆ ಬಂದಳು
ಹಗ್ಗ ಹೊಸೆಯುವ ಉನೈಸಾ.
ಖರ್ಜೂರದ ನಾರು ಬೆರಳಿಗೆ ಅಂಟಿಯೇ ಇತ್ತು.

"ಅರ್ಧ ದಿರ್ಹಮ್ ಬರಬೇಕು," ಅಂದಳು.
"ಕುಂಟು ಒಂಟೆಗೆಂದು ಕೊಂಡರು, ತಾವೇ ಬಂದು.
ಮುಸುಕಿನ ತುದಿಗೆ ಗಂಟು ಹಾಕಿದ್ದೇನೆ, ನೋಡು,
ಅದೇ ಲೆಕ್ಕ."

ಚರ್ಮದ ಹಾಳೆಗಳನ್ನು ಮಗುಚಿದೆ.
ಈಜಿಪ್ಟಿನ ಗೋಧಿ ಇತ್ತು, ಹಡಗು ಹಡಗು;
ಇರಾಕಿನ ಕಂದಾಯ, ಗಡಿಯ ದಂಡಿನ ಸಂಬಳ,
ಸೋತ ಅರಸನೊಬ್ಬನ ರತ್ನಗಂಬಳಿಯ ತುಂಡಿನ ಬೆಲೆಯೂ.
ಹಗ್ಗ ಮಾತ್ರ ಎಲ್ಲೂ ಇಲ್ಲ.

ಒಂಟೆ ಖಜಾನೆಯದೋ, ಅವರ ಸ್ವಂತದ್ದೋ?
ಇಂಥ ಪ್ರಶ್ನೆಗೆ
ರಾತ್ರಿಯಿಡೀ ನಿದ್ದೆಗೆಡುತ್ತಿದ್ದವರು ಒಬ್ಬರೇ,
ಅವರೀಗ ಮಲಗಿದ್ದಾರೆ.

ನನ್ನ ಸೊಂಟದ ಚೀಲ ಬಿಚ್ಚಿದೆ.
"ನಿನ್ನ ದುಡ್ಡು ಯಾರಿಗೆ ಬೇಕು, ಸಿಮಾಕ್?"
ಗಂಟನ್ನು ಇನ್ನಷ್ಟು ಬಿಗಿದಳು.
"ಇರಲಿ ಬಾಕಿ.
ಕಿಯಾಮತ್ತಿನ ದಿನ ಅಷ್ಟು ಜನರ ನಡುವೆ
ಈ ಹಗ್ಗದವಳ ಗುರುತು ಹೇಗೆ ಹತ್ತಬೇಕು ಅವರಿಗೆ?
ಸಾಲವಿದ್ದರೆ
ತಾವೇ ಹುಡುಕಿಕೊಂಡು ಬರುತ್ತಾರೆ."

ಹೋದಳು.
ಹೊರಗೆ ಕುಂಟು ಒಂಟೆ ಮೆಲುಕು ಹಾಕುತ್ತಿತ್ತು.
ಕೈಯಿಟ್ಟು ಜಗ್ಗಿ ನೋಡಿದೆ:
ಗಟ್ಟಿ ಹಗ್ಗ.