ಹುಣಸೇನಹಳ್ಳಿ ದಾಟಿದ ಮೇಲೆ

ಹುಣಸೇನಹಳ್ಳಿ ದಾಟಿ ಎರಡು ಫರ್ಲಾಂಗು,
ಹಿಂದಿನ ಎಡಗಾಲು ಎಳೆಯತೊಡಗಿತು ಗಾಡಿ.
ಸ್ಟೇರಿಂಗು ಮೊದಲು ಹೇಳಿತು, ಆಮೇಲೆ ಸೀಟು,
ಕೊನೆಗೆ ಕಿವಿಗೆ ಬಂತು ಸದ್ದು:
ಒದ್ದೆ ಗೋಣಿ ಬಂಡೆಗೆ ಬಡಿದಂತೆ, ಪಟ ಪಟ ಪಟ.

ಬ್ರೇಕು ತುಳೀಬೇಡ, ಅನ್ನುತ್ತಿದ್ದ ಗಂಗುಲಪ್ಪ,
ಕಾಲು ತೆಗಿ, ಗಾಡೀಗೆ ತಾನಾಗೇ ಸುಸ್ತಾಗ್ಲಿ.
ತೆಗೆದೆ. ಸುಸ್ತಾಯಿತು,
ಹೊಂಗೆಮರದ ಪಕ್ಕ, ನೆಲ ಸಮ ಇದ್ದ ಕಡೆ.

ರಾತ್ರಿ ಮೂರೂವರೆ.
ಹಿಂದೆ ಮಂಕರಿಗಳಲ್ಲಿ ಅಕ್ಕಯ್ಯಮ್ಮನ ರೇಷ್ಮೆಗೂಡು,
ತೊಂಬತ್ತು ಕೆಜಿ. ಭಾರವೇನಲ್ಲ,
ಒಂದೊಂದರಲ್ಲೂ ಒಂದೊಂದು ನಿದ್ದೆ, ಅಷ್ಟೇ.
ಮುಂದೆ ಸೀಟಿನಲ್ಲಿ ಅಕ್ಕಯ್ಯಮ್ಮ, ನಿದ್ದೆಯಿಲ್ಲದೆ.
"ಬೇಗ ಆಯ್ತದಾ ಮಗಾ? ಜಾಲರಿ ಸಿಕ್ಕಲ್ಲ ಆಮೇಲೆ."

ಬೇಗ ಅನ್ನೋರ್ದೇ ಬೆರಳು ಹೋಗೋದು.
ಇದೂ ಅವನದೇ ಮಾತು. ನಾನು ಆಡಲಿಲ್ಲ.
ಹ್ಯಾಂಡ್‌ಬ್ರೇಕು ಎಳೆದೆ, ಗೇರಿನಲ್ಲೇ ಬಿಟ್ಟೆ,
ಬೀಗದ ಕೈ ಜೇಬಿಗೆ.
ಮುಂದಿನ ಚಕ್ರಕ್ಕೆ ಆಚೆಗೊಂದು ಈಚೆಗೊಂದು ಕಲ್ಲು.
ಹೊಂಗೆಯ ಕೊಂಬೆ ಮುರಿದು
ಎಪ್ಪತ್ತು ಹೆಜ್ಜೆ ಹಿಂದೆ ನಡೆದು ರಸ್ತೆಗೆ ಹಾಕಿದೆ,
ಗಾಳಿಗೆ ಹಾರದಿರಲೆಂದು ಅದರ ಮೇಲೆ
ತೆಂಗಿನಕಾಯಿ ಗಾತ್ರದ್ದೊಂದು ಗುಂಡುಕಲ್ಲು.

ಇಂಡಿಕೇಟರು ನಾಲ್ಕೂ ಮಿಣುಕುತ್ತಿದ್ದವು.
ಮೊಬೈಲು ಬೆಳಕು ಹಿಡಿದು ನಿಂತ ಅಕ್ಕಯ್ಯಮ್ಮ
ಹಳದಿಯಾಗುತ್ತಿದ್ದಳು, ಇಲ್ಲವಾಗುತ್ತಿದ್ದಳು,
ಮತ್ತೆ ಹಳದಿ.

ಆರು ನಟ್ಟು. ತುಕ್ಕಿನವು, ಹಟಮಾರಿಗಳು.
ಪಾನಾ ಇಕ್ಕಿ, ಕೈ ಸಾಲದೆ ಕಾಲಲ್ಲಿ ಒತ್ತಿದೆ.
ಅರ್ಧ ಸುತ್ತು ಸಾಕು, ಬಿಚ್ಚಬೇಡ ಇನ್ನೂ.
ಜಗಳ ಏನಿದ್ರೂ ನೆಲದ ಮೇಲಿದ್ದಾಗ್ಲೇ ಮುಗಿಸ್ಕ,
ಎತ್ತಿದ ಮೇಲೆ ಎಳೆದಾಡಬಾರ್ದು.

ಜಾಕು ಕೆಮ್ಮಣ್ಣಿಗೆ ಇಳಿಯಿತು, ಮುದ್ದೆಗೆ ಬೆರಳು ಇಳಿದಂತೆ.
ತೆಗೆದು ಅಡಿಗೆ ಹಲಸಿನ ಹಲಗೆ ಕೊಟ್ಟೆ.
ಮತ್ತೆ ತಿರುಗಿಸಿದೆ. ಕಿರ್, ಕಿರ್.
ಗಾಡಿ ಒಂದು ಗೇಣು ಎದ್ದಿತು,
ಮಂಕರಿಗಳಲ್ಲಿ ಗೂಡು ಸರಸರ ಅಂದವು.
"ಎದ್ವೇನೋ?" ಅಂದಳು ಅಕ್ಕಯ್ಯಮ್ಮ.
"ಇಲ್ಲ, ಮಗ್ಗುಲು ತಿರುಗಿಸಿದ್ವು."
"ತಿರುಗಿಸ್ಲಿ. ಬೆಳಿಗ್ಗೆ ಬಿಸಿನೀರು ಐತೆ ಅವಕ್ಕೆ,"
ಎಂದು ನಕ್ಕಳು. ಬೆಳಕು ಅಲ್ಲಾಡಿತು ಅವಳ ಕೈಯಲ್ಲಿ,
ಸ್ವಲ್ಪ ಹೊತ್ತು ನಿಲ್ಲಲಿಲ್ಲ.

ಬಿಚ್ಚಿದ ಟೈರನ್ನು ಚಾಸಿಯ ಅಡಿಗೆ ಉರುಳಿಸಿ ಮಲಗಿಸಿದೆ.
ಜಾಕು ಜಾರಿದ್ರೆ ಅದ್ರ ಮೇಲೆ ಬೀಳ್ಲಿ.
ಹೆಂಗೂ ಸತ್ತದ್ದು, ಒಂದು ಕೆಲ್ಸ ಮಾಡ್ಲಿ.
ನಿನ್ ಮೈ ಮಾತ್ರ ಹೊರಗೇ ಇರ್ಲಿ, ಒಂದು ಬೆರಳೂ ಸೇರಿ.
ಸ್ಟೆಪ್ನಿ ಕೂರಿಸಿ ನಟ್ಟು ಬಿಗಿದೆ:
ಪಂಕ್ತಿಯಲ್ಲಿ ಬಡಿಸುವಂತೆ ಸಾಲಾಗಿ ಅಲ್ಲ,
ಒಂದಾದ ಮೇಲೆ ಅದರ ಎದುರಿನದು,
ಯಾವುದಕ್ಕೂ ತಾನೇ ದೊಡ್ಡವನೆನ್ನಿಸದಂತೆ.
ಇಳಿಸಿ, ಇನ್ನೊಮ್ಮೆ, ಮೈಭಾರ ಹಾಕಿ.

ಹೊರಟೆವು. ಎರಡನೇ ಗೇರು, ಮೂರನೇದು.
ಅಕ್ಕಯ್ಯಮ್ಮ ಎಲೆ ಅಡಿಕೆ ಬಿಚ್ಚಿದಳು.
ಕನ್ನಡಿಯಲ್ಲಿ ಹಿಂದೆ ಬರೀ ಕತ್ತಲೆ,
ಅದರ ನಡುವೆ ಎಲ್ಲೋ ಗಂಗುಲಪ್ಪನ ಎಡಮೊಣಕಾಲು.

ಕೈವಾರ ಕ್ರಾಸಿನ ಹತ್ತಿರ, ಹನ್ನೊಂದು ವರ್ಷದ ಹಿಂದೆ,
ಯಾರೋ ಟೈರು ಬದಲಿಸಿದ್ದರು.
ಎಲ್ಲ ಸರಿಯಾಗೇ ಮಾಡಿದ್ದರು,
ನಟ್ಟು ಬಿಗಿದು, ಕೈ ಒರೆಸಿಕೊಂಡು ಹೋಗಿದ್ದರು.
ಅವನ ಲೂನಾಕ್ಕೆ ಸಿಕ್ಕದ್ದು ಅವರ ಕಲ್ಲು.

ನಿಲ್ಲಿಸಿದೆ. ಇಳಿದು ಹಿಂದಕ್ಕೆ ಓಡಿದೆ.
ದೂರದಲ್ಲಿ ಲಾರಿಯ ಎರಡು ಕಣ್ಣು,
ಇನ್ನೂ ಮಿಂಚುಹುಳದಷ್ಟು.
ಕೊಂಬೆಯನ್ನು ಚರಂಡಿಗೆ ಎಸೆದೆ.
ಕಲ್ಲನ್ನು ಏಕೋ ಎಸೆಯಲಾಗಲಿಲ್ಲ,
ಎದೆಗೆ ಒತ್ತಿಕೊಂಡೇ ಬಂದೆ, ತಣ್ಣಗಿತ್ತು.

"ಏನು ಮರ್ತಿದ್ದೆ?" ಅಂದಳು.
"ಕಲ್ಲು."
ಅವಳು ಮತ್ತೇನೂ ಕೇಳದೆ
ಬುತ್ತಿಯ ಚೀಲ ಅತ್ತ ಸರಿಸಿ, ಕಾಲು ಮಡಿಸಿ
ಅದಕ್ಕೊಂದಿಷ್ಟು ಜಾಗ ಮಾಡಿಕೊಟ್ಟಳು.