ಏಳನೇ ಪ್ಲೇಟು

ಅಮಾಸಿ ರಾತ್ರಿ ಗೌಡರ ಮನಿಗೆ
ಒಗ್ಗರಣಿ ಮಿರ್ಚಿ ಹೋದದ್ದು ಏಳು ಪ್ಲೇಟು.
ಅಂಗಳದಾಗ ಬಿಟ್ಟ ಚಪ್ಪಲಿ ಆರು ಜೋಡಿ.
ಗೌಡರು ಕರದದ್ದು ಮುಟ್ಟಂಗಿಲ್ಲ, ಡಾಕ್ಟರು ಬಿಡಿಸ್ಯಾರ.
ಮನಿ ಮಂದಿ ಮಾನ್ವಿಗೆ, ಮದಿವಿಗೆ.
ಬೆಳಗಾಗೂದ್ರಾಗ ಮಸ್ಕಿ ತುಂಬ
ಇದೊಂದೇ ಲೆಕ್ಕ.

ನನ್ನ ಬಂಡಿ ಮುಂದಿನ ಬೆಂಚಿನ ಮ್ಯಾಲೆ
ಹತ್ತಿ ದಲಾಲಿ ವಿರುಪಣ್ಣ ಮಿರ್ಚಿ ಮುರದು ಹೇಳಿದ:
ಏಳನೇದವ ಬೆಂಗಳೂರಿಂದ ಬಂದಾನ,
ಬೂಟು ಹಾಕ್ಕೊಂಡೇ ಒಳಗ ಹೋಗ್ಯಾನ,
ಕುರ್ಚಿ ಹಿರೇ ಅಳಿಯಗ ಅಂತ ಚೀಟಿ ತಂದಾನ.
ಸುಳ್ಳು, ಅಂದ ಕಂಡಕ್ಟರ್ ಖಾಜಾಹುಸೇನ.
ಏಳನೇದವರು ಸ್ವಾಮಿಗಳು,
ಅವರ ಪಾದುಕಿ ಹೊರಗ ಬಿಡಂಗಿಲ್ಲ.
ತಮ್ಮನ ಮಗನ ಜಾತಕ ನೋಡಿ
ಮೂರು ತಿಂಗಳು ತಡೀರಿ ಅಂದಾರಂತ.
ಒಂದು ಅಂತಕ್ಕ ಮತ್ತೊಂದು ಅಂತ ಕೂಡಿ
ಮಧ್ಯಾಹ್ನಕ್ಕ ಅದು ಖರೇನ ಆತು.

ತೊಟ್ಟಿಲದಾಗ ಮಲಗಿಸಿದ ದಿನವೇ
ಮುದುಕನಗೌಡ ಅಂತ ಹೆಸರಿಟ್ಟಿದ್ದರು ಅವರಿಗೆ.
ಎಪ್ಪತ್ತೆಂಟಕ್ಕ ಮೈ ಆ ಹೆಸರಿಗೆ ಒಪ್ಪಿಕೊಂಡಿತು.
ಮುಂದ ಯಾರ್ರಿ ಅಂತ ಕೇಳಿದರ
ನಕ್ಕು ಎಲಿ ತೊಟ್ಟು ಮುರಿಯೋರು.
ಎಡಗೈಲೆ ಮುರದರ ಅಳಿಯ,
ಬಲಗೈಲೆ ಮುರದರ ತಮ್ಮನ ಮಗ,
ಹಂಗ ಓದಾಕ ಕಲತಿತ್ತು ಊರು.
ಮಕ್ಕಳಿಬ್ಬರ ಹೆಸರು ಯಾರೂ ತೆಗಿಯಂಗಿಲ್ಲ.
ಅವರು ಇಸ್ಪೀಟಿನಾಗ.

ಗುಡ್ಡದ ಕಲ್ಲಿನ ಮ್ಯಾಲೆ
ತನ್ನ ಹೆಸರು ಕೆತ್ತಿಸಿ ಹೋಗ್ಯಾನ ಅಶೋಕ.
ಅವನೂ ಮುಂದ ಯಾರಂತ ಕೆತ್ತಿಸಲಿಲ್ಲ.
ಕಲ್ಲು ಸಾಲದಾತೋ,
ಅವಗೂ ಗೊತ್ತಿರಲಿಲ್ಲೋ.

ಏಳನೇದವ ಯಾರಂತ ಬಲ್ಲವ ನಾ ಒಬ್ಬನ.
ಏಳನೇದವ ನಾನ.

ಡಬರಿ ಇಳಿಸಿ ಹೊಂಟಿದ್ದೆ, ಬರಿಗಾಲು.
ಉಂಗುಷ್ಟ ಕಿತ್ತ ಚಪ್ಪಲಿ ಬಂಡಿ ಕೆಳಗ ಬಿದ್ದಿತ್ತು.
ಆರೂ ಮಂದಿ ಕೈ ತೊಳಿಯಾಕ ಹಿತ್ತಲಕ್ಕ ಹೋದಾಗ
ಹುಸೇನಪ್ಪ, ಕುಂದ್ರು, ಅಂದರು ಗೌಡರು.
ಉಳಿದ ಪ್ಲೇಟು ನನ್ನ ಕಡೆ ಸರಿಸಿ
ದನಿ ಇಳಿಸಿ ಕೇಳಿದರು:
ನನ್ನ ಹಿಂದ ಯಾರಂತಾರೋ ಊರಾಗ?

ಬಾಯಾಗ ಮೆಣಸಿನಕಾಯಿ, ಕಣ್ಣಾಗ ನೀರು.
ಆ ನೀರಿನಾಗಿಂದ ಅವರ ಮುಖ ನೋಡಿದೆ.
ಅಲ್ಲಿ ಪಿಲಾನು ಇರಲಿಲ್ಲ, ಚೀಟಿ ಇರಲಿಲ್ಲ.
ಓದಾಕ ಬಾರದವ ಬಸ್ಸಿನ ಬೋರ್ಡು
ಪಕ್ಕದವನ ಕೇಳ್ತಾನಲ್ಲ,
ಹಂಗಿತ್ತು.

ಏನರ ಹೇಳಬೇಕಿತ್ತು.
ನಿಮ್ಮ ಸಣ್ಣ ಸೊಸಿ ಬಸಲಿಂಗಮ್ಮ ಅಂತಾರ್ರಿ, ಅಂದೆ.
ಯಾರೂ ಅಂದಿರಲಿಲ್ಲ.
ಆ ಮನಿಯಾಗ ನನ್ನ ಬಾಕಿ
ತಿಂಗಳಾ ತಿಂಗಳಾ ಚುಕ್ತಾ ಮಾಡಾಕಿ ಅಕಿ ಒಬ್ಬಾಕಿ,
ಅದಕ್ಕ ಹೆಸರು ನಾಲಿಗಿ ತುದಿಗಿತ್ತು.
ಹೌದಾ, ಅಂದರು. ಎಲಿ ತೊಟ್ಟು ಮುರದರು.
ಯಾವ ಕೈಲೆ ಅಂತ ನಾ ನೋಡಲಿಲ್ಲ.

ಎರಡು ತಿಂಗಳಿಗೆ ಬಸ್‌ಸ್ಟ್ಯಾಂಡಿನಾಗ ಫ್ಲೆಕ್ಸು ಎದ್ದಿತು.
ಸೆರಗು ಹೊದ್ದು ಕೈ ಮುಗದು ನಿಂತಾಳ ಬಸಲಿಂಗಮ್ಮ,
ಮೂಲ್ಯಾಗ ಸ್ಟಾಂಪಿನಷ್ಟು ಅಳಿಯ.
ನಾ ಹೇಳಿದ್ದಿಲ್ಲೇನು, ಅಂದ ವಿರುಪಣ್ಣ,
ಹನ್ನೆರಡು ವರ್ಷದ ಪಿಲಾನು ಇದು,
ಕುಷ್ಟಗಿಯಿಂದ ಹೆಣ್ಣು ತಂದದ್ದೇ ಇದಕ್ಕ,
ಏಳನೇದವ ಅವತ್ತು ರುಜು ಹಾಕಿಸಿ ಹೋದ.
ಖಾಜಾಹುಸೇನ ತಲಿ ಆಡಿಸಿದ. ರುಜು ಅಲ್ಲ, ಹೆಬ್ಬೆಟ್ಟು.
ನಾ ಹಿಟ್ಟಿನಾಗ ಮೆಣಸಿನಕಾಯಿ ಅದ್ದಿ ಬಿಟ್ಟೆ.
ಎಣ್ಣಿ ಚುರ್ ಅಂತು.

ನಿನ್ನೆ ರಾತ್ರಿ ಫೋನು, ಬಸಲಿಂಗಮ್ಮನ ದನಿ:
ಹುಸೇನಪ್ಪ, ಎರಡು ಪ್ಲೇಟು. ನೀನ ತೊಗೊಂಡು ಬಾ.
ಅಕಿ ಬಿಟ್ಟು ಮನಿಯಾಗ ಯಾರೂ ಇಲ್ಲಂತ ಬೆಂಚಿಗೆ ಗೊತ್ತು.
ಎಲ್ಲಾರ ಕಣ್ಣು ನನ್ನ ಕೈ ಮ್ಯಾಲೆ.
ಎರಡೂ ಕಟ್ಟಿದೆ. ಹೊಸ ಚಪ್ಪಲಿ ಮೆಟ್ಟಿದೆ,
ಅದನ್ನ ಹೊರಗ ಬಿಡೂದೋ ಒಳಗ ಒಯ್ಯೂದೋ ತಿಳೀಲಿಲ್ಲ.
ದಾರಿ ಉದ್ದಕ್ಕೂ
ಬಾಕಿ ಉಳಸದವರ ಹೆಸರು
ಒಂದೊಂದ ನೆನಸಿಗೊಂತ ನಡದೆ.