ಫ್ಲ್ಯಾಶ್ ಬರ್ತಿಲ್ಲ

ಅರಸೀಕೆರೆಯಿಂದ ಬೆಳಗಿನ ಪ್ಯಾಸೆಂಜರ್ ಹತ್ತಿ
ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು ಬಂದೆ ಹಾಸನಕ್ಕೆ,
ಬಾಡಿಗೆ ಬಾಕಿ ಇರುವವನು ಬೀಗದಕೈ ಹಿಡಿದ ಹಾಗೆ.

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಸೊಪ್ಪಿನ ಕಂತೆ ದಾಟಿ
ಕಬ್ಬಿಣದ ಮೆಟ್ಟಿಲು ಹದಿನಾಲ್ಕು.
ಮೇಲೆ ಝಬೀವುಲ್ಲಾ ಸಾಹೇಬರು.
ಮೊದಲು ರೇಡಿಯೋ, ಆಮೇಲೆ ಟೇಪು, ಆಮೇಲೆ ವಿಸಿಡಿ,
ಈಗ ಮೊಬೈಲಿನ ಒಡೆದ ಗಾಜು.
ಕ್ಯಾಮೆರಾ ಕಂಡು ಕನ್ನಡಕ ಬದಲಿಸಿದರು.

'ಏನಾಗಿದೆ?'
'ಫ್ಲ್ಯಾಶ್ ಬರ್ತಿಲ್ಲ.'
'ಯಾವತ್ತಿಂದ?'
'ಬಾಣಾವರದ ಕಡೆ ಲೈನಿನ ಮೇಲೆ ಒಬ್ಬ ಸಿಕ್ಕಿದನಲ್ಲ,
ಅವತ್ತು ರಾತ್ರಿಯಿಂದ.'

ಅವರಿಗೆ ಗೊತ್ತು ನನ್ನ ಕೆಲಸ.
ಪಾಸ್‌ಪೋರ್ಟ್ ಫೋಟೋ ಸೈಬರಿನವರ ಪಾಲಾದ ಮೇಲೆ
ಸ್ಟುಡಿಯೋದಲ್ಲಿ ಉಳಿದದ್ದು ನೀಲಿ ಪರದೆ, ಒಂದು ಬಾಚಣಿಗೆ,
ರೈಲ್ವೆ ಪೊಲೀಸರ ಫೋನು.
ಮುಖ ಒಂದು, ಪೂರ್ತಿ ಒಂದು, ಹಚ್ಚೆ ಇದ್ದರೆ ಅದೊಂದು.
ನಾಲ್ಕು ಪ್ರತಿ. ಬಿಲ್ಲಿನ ದುಡ್ಡು ಆರು ತಿಂಗಳಿಗೆ.

ಅವತ್ತು ಹೆಡ್ ಕಾನ್‌ಸ್ಟೇಬಲ್ ಬೋರಲಿಂಗಯ್ಯ
ಮೊಬೈಲಿನ ಟಾರ್ಚು ಹಿಡಿದರು. ಕೈ ನಡುಗಿತು.
ಮೂಗಿನ ನೆರಳು ಅರ್ಧ ಮುಖ ನುಂಗಿ
ಪ್ರಕಟಣೆಯ ಹಾಳೆಯಲ್ಲಿ ಅವನು
ಯಾರ ಮನೆಯವನಾದರೂ ಆಗಬಹುದಿತ್ತು.
ಯಾರೂ ಬರಲಿಲ್ಲ.

ಸಾಹೇಬರು ಶುರು ಮಾಡಿದರು.
ಮೆನು ನೋಡಿದರು: ಮಿಂಚಿನ ಗುರುತಿಗೆ ಅಡ್ಡಗೆರೆ ಇಲ್ಲ.
ತಮ್ಮದೇ ಬ್ಯಾಟರಿ ಹಾಕಿದರು. ಊಹೂಂ.
ಗುಂಡಿ ಒತ್ತಿ ಮುಚ್ಚಳ ಎಬ್ಬಿಸಿದರು. ಎದ್ದು ನಿಂತಿತು
ಉತ್ತರ ಗೊತ್ತಿಲ್ಲದ ಹುಡುಗನ ಹಾಗೆ.
ಆಮೇಲೆ ಕ್ಯಾಮೆರಾ ಕಿವಿಗೆ ಹಚ್ಚಿಕೊಂಡು ಸುಮ್ಮನಾದರು.

'ಒಳಗೆ ಕುಂಯ್ ಅನ್ನಬೇಕು, ಸೊಳ್ಳೆ ಹಾಗೆ.
ಕುಂಯ್ ಅಂದೂ ಬೆಳಕು ಬರದಿದ್ದರೆ ಟ್ಯೂಬು ಹೋಗಿದೆ.
ಕುಂಯ್ ಅನ್ನದಿದ್ದರೆ ಚಾರ್ಜೇ ಆಗ್ತಿಲ್ಲ.
ಇದು ಅಂತಿಲ್ಲ.'
ನನ್ನ ಕಿವಿಗೂ ಕೊಟ್ಟರು.
ಕೇಳಿಸಿದ್ದು ಕೆಳಗೆ ಕೊತ್ತಂಬರಿ ಹತ್ತು ರೂಪಾಯಿ.

ಇರುವೆ ತಲೆಯಷ್ಟು ಸ್ಕ್ರೂಗಳು ಬಾಟಲಿ ಮುಚ್ಚಳಕ್ಕೆ ಬಿದ್ದವು.
ಬೆರಳು ಚಾಚಿದೆ. ಕೈ ತಟ್ಟಿದರು:
'ಹುಷಾರು! ಬ್ಯಾಟರಿ ತೆಗೆದರೂ ಕೆಪ್ಯಾಸಿಟರ್ ಮರೆಯಲ್ಲ.'
ಹೆಬ್ಬೆರಳಿನ ಬಿಳಿ ಚುಕ್ಕೆ ತೋರಿಸಿದರು.
'ಇದು ತೊಂಬತ್ತೊಂಬತ್ತನೇ ಇಸವಿದು.'
ಸಣ್ಣ ಬಲ್ಬಿನ ಎರಡು ತಂತಿ ತಾಗಿಸಿದರು.
ಬಲ್ಬು ಮಿಣಕ್ಕೂ ಅನ್ನಲಿಲ್ಲ.

ಕೊನೆಗೆ ಕೀಲಿನ ಬುಡದಲ್ಲಿ
ಸಾಸಿವೆಗಿಂತ ಚಿಕ್ಕ ಸ್ವಿಚ್ಚು, ಅದರ ಸುತ್ತ ಕೆಂಪು.
ತುಕ್ಕು ಅಂದುಕೊಂಡೆ.
ಅವರು ಸೂಜಿಯ ಮೊನೆಯಲ್ಲಿ ಕೆರೆದು ಮೂಗಿಗೆ ಹಿಡಿದರು.
'ಆಯುಧಪೂಜೆ ಜೋರಾ?'

ಜೋರೇ. ಸ್ಟ್ಯಾಂಡಿನ ಮುಂದೆ ಬೂದುಗುಂಬಳ,
ಲೆನ್ಸಿನ ಸುತ್ತ ಸೇವಂತಿಗೆ,
ಫ್ಲ್ಯಾಶಿನ ಹಣೆಗೆ ಧಾರಾಳ ಕುಂಕುಮ,
ವರ್ಷವೆಲ್ಲ ಕೈತುಂಬ ಕೆಲಸ ಬರಲಿ ಅಂತ.
ನನ್ನಂಥವನಿಗೆ ಕೆಲಸ ಬರುವುದೆಂದರೆ ಏನು
ಎನ್ನುವುದು ಕರ್ಪೂರ ಆರಿದ ಮೇಲೆ ಹೊಳೆದಿತ್ತು.

ಮುಚ್ಚಳ ತೆರೆದಿದೆ, ಸ್ವಿಚ್ಚು ಮಾತ್ರ ಎದ್ದಿಲ್ಲ.
ಕ್ಯಾಮೆರಾ ಪಾಪ ನಂಬಿಕೊಂಡೇ ಇತ್ತು,
ಇನ್ನೂ ಮುಚ್ಚಿದೆ ಅಂತ.

ಸ್ಪಿರಿಟ್ಟು, ಹತ್ತಿ, ಎರಡು ಸಲ ಉಫ್.
ಕೆಂಪಾದ ಹತ್ತಿಯನ್ನು ಅವರು ಕಸಕ್ಕೆ ಹಾಕಲಿಲ್ಲ.
ಕಾಗದದಲ್ಲಿ ಸುತ್ತಿ ನನ್ನ ಕೈಗಿತ್ತರು:
'ಎಲ್ಲಿ ಹಾಕಬೇಕೋ ನೀವೇ ಹಾಕಿ.'

ಕುಂಯ್.

'ತೆಗೀರಿ ಒಂದು' ಅಂದು ಟೋಪಿ ಸರಿಮಾಡಿಕೊಂಡು
ಸೋಲ್ಡರಿಂಗ್ ಹೊಗೆಯ ಗೋಡೆಗೆ ಒರಗಿ ಕೂತರು.
ಬೆಳಕು ಹಾರಿತು.
'ಛೆ, ಕಣ್ಣು ಮುಚ್ಚಿಬಿಟ್ಟೆ. ಇನ್ನೊಂದು ತೆಗೀರಿ.'

ಪರದೆಯಲ್ಲಿ ಅವರ ರೆಪ್ಪೆ ಬಿಗಿದಿತ್ತು,
ಸುತ್ತ ಸುಕ್ಕು ಓಡಿಬಂದು ಸೇರಿದ್ದವು.
ನನ್ನ ಬೆಳಕಿಗೆ ಯಾರಾದರೂ
ಹೀಗೆ ಬೆಚ್ಚಿ ಎಷ್ಟು ದಿನವಾಗಿತ್ತು.
'ಬೇಡ ಬಿಡಿ, ಚೆನ್ನಾಗಿ ಬಂದಿದೆ' ಅಂದೆ.
ಅವರಿಗೆ ಅರ್ಥವಾಗಲಿಲ್ಲ. ನೂರೈವತ್ತು ತಗೊಂಡರು.

ಇಳಿಯುವಾಗ ಮತ್ತೆ ಎಣಿಸಿದೆ.
ಮೆಟ್ಟಿಲು ಹದಿಮೂರೇ.